ತೆಳು ಡಿಸ್ಕು: ಮಿತವ್ಯಯವೋ, ಸಾಲವೋ?

ಒಂದೇ ಸರ್ವರಿನಲ್ಲಿ ಹಲವು ಕಂಪ್ಯೂಟರುಗಳು ಕೆಲಸಮಾಡುವಂತೆ ಮಾಡುವ ಏರ್ಪಾಡೇ ವರ್ಚುವಲ್ ಮೆಷಿನ್. 1,000 ಜಿಬಿಯ ಉಗ್ರಾಣವನ್ನು ಇಂಥ ಹತ್ತು ಯಂತ್ರಗಳಿಗೆ ತಲಾ 100ರಂತೆ ಮೀಸಲಿಟ್ಟೆವೆನ್ನೋಣ. ಒಂದೊಂದೂ 20 ಜಿಬಿಯನ್ನಷ್ಟೇ ಬಳಸಿದರೂ ಮಿಕ್ಕ 800 ಪರರಿಗೆ ದಕ್ಕದು. ಇದು 'ಥಿಕ್', ಅರ್ಥಾತ್ ದಪ್ಪ ಡಿಸ್ಕು. ಬರೆದಷ್ಟಕ್ಕೇ ಸ್ಥಳ ಹಿಡಿಯುವುದು 'ಥಿನ್', ಎಂದರೆ ತೆಳು ಡಿಸ್ಕು.

ಹೊಸ ಡಿಸ್ಕು ಕೊಳ್ಳುವ ಮುನ್ನ ಇದ್ದುದನ್ನು ತೆಳುವಾಗಿಸಬೇಕೆಂಬುದೇ ನನ್ನ ಅಭಿಮತ. ಸಾರ್ವಜನಿಕರ ಹಣದಿಂದ ನಡೆಯುವ ಸಂಸ್ಥೆಗಳಿಗಂತೂ ಇದು ಕರ್ತವ್ಯವೇ ಸರಿ. ಆದರೆ ಪರಿವರ್ತನೆಗೊಂದು ಕ್ರಮವುಂಟು. ಕಡತವನ್ನು ಅಳಿಸಿದರೆ ಸಾಮಾನ್ಯವಾಗಿ ಅದರ ಹೆಸರು ಮಾತ್ರ ಹೋಗುತ್ತದೆ. ಹಳೆಯ ಬರಹ ಅಲ್ಲಿಯೇ ಉಳಿದಿರುತ್ತದೆ. ಆದುದರಿಂದ ಆ ಸ್ಥಳಕ್ಕೆ ಮೊದಲು ಸೊನ್ನೆಗಳನ್ನು ತುಂಬಬೇಕು. ವಿಂಡೋಸಿನಲ್ಲಿ ಇದಕ್ಕೆ ಎಸ್‌ಡಿಲೀಟ್ ಎಂಬ ಸಾಧನವಿದೆ. ಬಳಿಕ ಯಂತ್ರವನ್ನು ನಿಲ್ಲಿಸಿ, ವಿಎಂವೇರ್ ಆದರೆ ವಿಎಂಕೆಎಫ್‌ಎಸ್‌ಟೂಲ್ಸ್ ಮೂಲಕ ತೆಳುಪ್ರತಿ ತೆಗೆಯಬೇಕು. ಹೊಸದು ಸರಿಯಾಗಿ ನಡೆಯುವುದನ್ನು ಕಂಡ ಮೇಲೆಯೇ ಹಳೆಯದನ್ನು ತೆಗೆದುಹಾಕಬೇಕು. ಎರಡೂ ಪ್ರತಿಗಳಿಗೆ ತಾತ್ಕಾಲಿಕವಾಗಿ ಸ್ಥಳ ಬೇಕೆಂಬುದನ್ನು ಮರೆಯಲಾಗದು.

ಇಷ್ಟಕ್ಕೇ ನಿಶ್ಚಿಂತರಾಗುವಂತಿಲ್ಲ. ಉಳಿದ 800ನ್ನು ಹೊಸ ಯಂತ್ರಗಳಿಗೆ ಹಂಚಿದ ಮೇಲೂ ಹಳೆಯ ಹತ್ತು ತಮಗೆ ನೂರರ ಹಕ್ಕಿದೆಯೆಂದೇ ನಂಬಿರುತ್ತವೆ. ಎಲ್ಲವೂ ಒಮ್ಮೆಗೇ ಕೇಳಿದರೆ ಉಗ್ರಾಣದಲ್ಲಿ ಸ್ಥಳವಿರದು. ಬರೆಯಹೊರಟ ಯಂತ್ರ ಅಲ್ಲಿಯೇ ನಿಂತುಬಿಡುತ್ತದೆ. ಆಗ ಉಳಿತಾಯವು ಸಾಲವಾಗಿ ಪರಿಣಮಿಸುವುದಿಲ್ಲವೆ?

ಆದುದರಿಂದ ಉಳಿದುದನ್ನೆಲ್ಲ ಹಂಚಿಬಿಡದೆ ಒಂದು ಪಾಲನ್ನು ಕಾದಿರಿಸೋಣ. ಉಗ್ರಾಣ ಎಷ್ಟು ತುಂಬಿತೆಂದು ಆಗಾಗ ನೋಡುತ್ತಿರೋಣ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಈ ಯಂತ್ರಗಳಿಗೂ ಸಲ್ಲುತ್ತದೆ.