ಮಳೆ ಬಂದರೆ ಟಿವಿ ಸಿಗ್ನಲ್ ಹೋಗುವುದೇಕೆ? ಮಾಳಿಗೆ ಹತ್ತುವ ಮುನ್ನ ಇದನ್ನು ಓದಿ

ಮೋಡ ಕವಿದು ನಾಲ್ಕು ದಪ್ಪ ಹನಿ ಬಿದ್ದರೆ ಸಾಕು, ಟಿವಿ ಪರದೆ ಮೇಲೆ ‘ಸಿಗ್ನಲ್ ಇಲ್ಲ’ ಎಂದು ಬರುತ್ತದೆ. ಆಗ ಎಷ್ಟೋ ಮನೆಗಳಲ್ಲಿ ಯಾರಾದರೊಬ್ಬರು ಮಾಳಿಗೆ ಹತ್ತಿ ಡಿಶ್ ಅಲುಗಾಡಿಸುತ್ತಾರೆ. ಇದರಿಂದ ಟಿವಿ ಸರಿಹೋಗುವುದಿಲ್ಲ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ನಮ್ಮಲ್ಲಿ ಸಿಡಿಲಿನ ಮಳೆಯೂ ಹೌದು. ಆ ಹೊತ್ತಿನಲ್ಲಿ ಒದ್ದೆ ಮಾಳಿಗೆ ಮೇಲೆ ಕಬ್ಬಿಣದ ಡಿಶ್ ಹಿಡಿದು ನಿಲ್ಲುವುದು ಜೀವಕ್ಕೇ ಅಪಾಯ.

ಅಭ್ಯಾಸ ಹಳೆಯದು. ಕಂಬಕ್ಕೆ ಕಟ್ಟಿದ ಆಂಟೆನಾ ಇದ್ದ ಕಾಲದಲ್ಲಿ ಒಬ್ಬರು ಮೇಲೆ ಹೋಗಿ ತಿರುಗಿಸುತ್ತಿದ್ದರು, ಒಳಗಿದ್ದವರು ‘ಬಂತು, ಬಂತು… ಅಯ್ಯೋ, ಹೋಯ್ತು’ ಎಂದು ಕೂಗುತ್ತಿದ್ದರು. ಆಗ ಸಿಗ್ನಲ್ ದುರ್ಬಲವಾದರೆ ಚಿತ್ರದ ಮೇಲೆ ಚುಕ್ಕಿಗಳು ಕುಣಿಯುತ್ತಿದ್ದವು, ಆದರೂ ಏನೋ ಒಂದಿಷ್ಟು ಕಾಣುತ್ತಿತ್ತು. ಈಗಿನ ಡಿಜಿಟಲ್ ಸಿಗ್ನಲ್ ಹಾಗಲ್ಲ. ಸೆಟ್ ಟಾಪ್ ಬಾಕ್ಸ್ ಸಣ್ಣಪುಟ್ಟ ತಪ್ಪುಗಳನ್ನು ತಾನೇ ತಿದ್ದಿಕೊಂಡು ಚಿತ್ರ ತೋರಿಸುತ್ತದೆ. ಸಿಗ್ನಲ್ ಒಂದು ಮಿತಿಗಿಂತ ಕೆಳಗಿಳಿದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಆಮೇಲೆ ಪರದೆ ಖಾಲಿ. ಹಾಗಾಗಿ ‘ಯಾರೋ ಕಟ್ ಮಾಡಿದ್ದಾರೆ’ ಎಂದು ಅನ್ನಿಸುವಾಗಲೂ ಸಿಗ್ನಲ್ ಸ್ವಲ್ಪವೇ ಕುಗ್ಗಿರಬಹುದು.

ಕುಗ್ಗಿಸುವುದು ಮಳೆ ಹನಿ. ದೂರದರ್ಶನದ ಫ್ರೀ ಡಿಶ್ ಉದಾಹರಣೆ ನೋಡಿ. ಇದರ ಚಾನೆಲ್‌ಗಳು ಬರುವುದು 2015ರಲ್ಲಿ ಉಡಾವಣೆಯಾದ ಜಿಸ್ಯಾಟ್-15 ಉಪಗ್ರಹದಿಂದ. ಅದು ಸಮಭಾಜಕ ವೃತ್ತದ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ಅಷ್ಟು ದೂರವನ್ನು ಸಲೀಸಾಗಿ ದಾಟಿ ಬರುವ ಅಲೆಗಳಿಗೆ ತೊಡಕಾಗುವುದು ಮಳೆ ಸುರಿಯುವ ಕೊನೆಯ ಕೆಲವೇ ಕಿಲೋಮೀಟರ್. ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಹನಿಗಳು ಅದರ ಶಕ್ತಿಯನ್ನು ಹೀರುತ್ತವೆ, ಚದುರಿಸುತ್ತವೆ. ಜಿಟಿಜಿಟಿ ಮಳೆಗಿಂತ ಬಿರುಮಳೆಯಲ್ಲೇ ಟಿವಿ ಹೆಚ್ಚಾಗಿ ಹೋಗುವುದು ಇದಕ್ಕೇ. ಬೆಂಗಳೂರಿನಿಂದ ಈ ಉಪಗ್ರಹ ಆಗ್ನೇಯ ದಿಕ್ಕಿಗಿದೆ. ಆ ಕಡೆ ಮಳೆ ಸುರಿಯುತ್ತಿದ್ದರೆ ನಿಮ್ಮ ಅಂಗಳದಲ್ಲಿ ಒಂದು ಹನಿ ಇಲ್ಲದಿದ್ದರೂ ಚಿತ್ರ ಹೋಗಬಹುದು.

ಮಳೆ ನಿಂತ ಸ್ವಲ್ಪ ಹೊತ್ತಿಗೆ ಸಿಗ್ನಲ್ ತಾನಾಗಿ ಬರುತ್ತದೆ. ಆದರೆ ಅಷ್ಟರಲ್ಲಿ ನೀವು ಡಿಶ್ ತಿರುಗಿಸಿಬಿಟ್ಟಿದ್ದರೆ ಬರುವುದಿಲ್ಲ! ಒಂದೆರಡು ಡಿಗ್ರಿ ಸರಿದರೂ ಸಾಕು, ಮೆಕ್ಯಾನಿಕ್‌ಗೆ ದುಡ್ಡು ಕೊಡಬೇಕಾಗುತ್ತದೆ. ಬಿಸಿಲು ಬಂದ ಮೇಲೂ ಚಿತ್ರ ಬಾರದಿದ್ದರೆ ಮೊದಲು ಪಕ್ಕದ ಮನೆಯವರನ್ನು ಕೇಳಿ. ಅವರ ಮನೆಯಲ್ಲಿ ಬರುತ್ತಿದೆ ಎಂದರೆ ತೊಂದರೆ ನಿಮ್ಮಲ್ಲಿದೆ. ಬಾಕ್ಸ್ ಆಫ್ ಮಾಡಿ, ಕೇಬಲ್ ಸಡಿಲವಾಗಿದೆಯೇ, ಜೋಡಣೆಯಲ್ಲಿ ನೀರು ಸೇರಿ ತುಕ್ಕು ಹಿಡಿದಿದೆಯೇ, ಡಿಶ್ ಎದುರು ಮರದ ಕೊಂಬೆ ಬೆಳೆದಿದೆಯೇ ಎಂದು ನೋಡಿ.

ಮಳೆಯೇ ಇಲ್ಲದ ದಿನವೂ ಹೀಗಾಗುವುದುಂಟು. ಮಾರ್ಚ್‌ನಲ್ಲಿ, ಮತ್ತೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದ ಹೊತ್ತಿಗೆ ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ. ಸೂರ್ಯ ಹೊಮ್ಮಿಸುವ ರೇಡಿಯೋ ಅಲೆಗಳ ಗದ್ದಲದಲ್ಲಿ ಉಪಗ್ರಹದ ಸಣ್ಣ ದನಿ ಕೇಳಿಸದೆ ಹೋಗುತ್ತದೆ. ಫ್ರೀ ಡಿಶ್‌ಗೆ ಬೆಂಗಳೂರಿನಲ್ಲಿ ಇದು ಬೆಳಿಗ್ಗೆ 11 ಗಂಟೆಯ ಸುತ್ತಮುತ್ತ, ಕೆಲವೇ ನಿಮಿಷ. ‘ರಾತ್ರಿ 12:30ರಿಂದ 3:30ರವರೆಗೆ ಕಾಸ್ಮಿಕ್ ಕಿರಣ ಬರುತ್ತದೆ, ಮೊಬೈಲ್ ಆಫ್ ಮಾಡಿ’ ಎಂದು ನಾಸಾ ಹೆಸರಿನಲ್ಲಿ ಪದೇ ಪದೇ ಹರಿದಾಡುವ ಸುಳ್ಳು ಫಾರ್ವರ್ಡ್‌ಗೂ ಇದಕ್ಕೂ ಸಂಬಂಧವಿಲ್ಲ. ಸೂರ್ಯನಿಂದ ಆಗುವ ಈ ಅಡಚಣೆ ಹಗಲಿನಲ್ಲಿ ಮಾತ್ರ, ಅದರಿಂದ ನಿಮ್ಮ ಮೊಬೈಲ್‌ಗಾಗಲೀ ದೇಹಕ್ಕಾಗಲೀ ಹಾನಿಯಿಲ್ಲ.

ಎಲ್ಲ ಚಾನೆಲ್ ಬಂದು ಒಂದೆರಡು ಮಾತ್ರ ಹೋಗಿದ್ದರೆ ಕಾರಣ ಬಹುತೇಕ ಆಕಾಶದಲ್ಲಿಲ್ಲ, ಕಾಗದದಲ್ಲಿದೆ. 2023ರ ಫೆಬ್ರವರಿಯಲ್ಲಿ ಹೊಸ ದರದ ಒಪ್ಪಂದಕ್ಕೆ ಸಹಿ ಹಾಕದ ಕೇಬಲ್ ಆಪರೇಟರ್‌ಗಳಿಗೆ ಡಿಸ್ನಿ ಸ್ಟಾರ್, ಜೀ, ಸೋನಿ ಸಂಸ್ಥೆಗಳು ಸಿಗ್ನಲ್ ಕೊಡುವುದನ್ನೇ ನಿಲ್ಲಿಸಿದ್ದವು. ಇಬ್ಬರ ಜಗಳದಲ್ಲಿ ಚಾನೆಲ್ ಕಳೆದುಕೊಂಡವರು ದುಡ್ಡು ಕಟ್ಟಿದ್ದ ನೋಡುಗರು. ಫ್ರೀ ಡಿಶ್‌ನಲ್ಲೂ ಖಾಸಗಿ ಚಾನೆಲ್‌ಗಳು ಹರಾಜಿನಲ್ಲಿ ಜಾಗ ಪಡೆಯಬೇಕು, ಆದ್ದರಿಂದ ಬರುತ್ತವೆ, ಹೋಗುತ್ತವೆ. ಏಪ್ರಿಲ್ ಬಂದಾಗ ಪಟ್ಟಿ ಬದಲಾಗಿದ್ದರೆ ರಿಮೋಟ್‌ನಲ್ಲಿ ಮತ್ತೊಮ್ಮೆ ಚಾನೆಲ್ ಹುಡುಕಿಸಿದರೆ ಸಾಕು.

ಇಂಥ ಗೊಂದಲದ ಹೊತ್ತಿನಲ್ಲೇ ‘ನಿಮ್ಮ ಬಾಕ್ಸ್ ಅಪ್‌ಡೇಟ್ ಮಾಡಬೇಕು, ಒಟಿಪಿ ಹೇಳಿ’ ಎಂದು ಕರೆ ಬಂದರೆ ನಂಬುವುದು ಸುಲಭ. ಸಿಗ್ನಲ್ ಸರಿಪಡಿಸಲು ಯಾರಿಗೂ ನಿಮ್ಮ ಬ್ಯಾಂಕಿನ ಒಟಿಪಿ ಬೇಕಿಲ್ಲ. ಫ್ರೀ ಡಿಶ್‌ಗಂತೂ ತಿಂಗಳ ಚಂದಾ ಎಂಬುದೇ ಇಲ್ಲ. ‘ಬಾಕಿ ಕಟ್ಟಿ, ಇಲ್ಲದಿದ್ದರೆ ಸಂಪರ್ಕ ಕಡಿತ’ ಎನ್ನುವ ಮೆಸೇಜ್ ಬಂದರೆ ಅಳಿಸಿಹಾಕಿ.