ಅರವಟ್ಟಿಗೆಯ ನೀರು

ರಾಮನವಮಿಯ ಬಿಸಿಲಿನಲ್ಲಿ ಜಯನಗರ, ಬನಶಂಕರಿಗಳ ಬೀದಿಗಳಲ್ಲಿ ನಡೆದುಹೋಗುವವರಿಗೆ ಅಲ್ಲಲ್ಲಿ ಪಾನಕ, ನೀರುಮಜ್ಜಿಗೆ, ಕೋಸಂಬರಿಗಳ ಉಪಚಾರ ದೊರೆಯುವುದುಂಟು. ಕೊಡುವವರು ಕುಡಿಯುವವರ ಕುಲಗೋತ್ರಗಳನ್ನು ವಿಚಾರಿಸುವುದಿಲ್ಲ. ಜೇಬಿನ ತೂಕವನ್ನೂ ನೋಡುವುದಿಲ್ಲ. ಧನಿಕನೊಬ್ಬನು ಕಾರು ನಿಲ್ಲಿಸಿ ಎರಡು ಲೋಟ ಹೆಚ್ಚಿಗೆ ಕುಡಿದರೂ ಯಾರ ಆಕ್ಷೇಪಣೆಯೂ ಇಲ್ಲ. ಆದರೆ ಅದೇ ಧನಿಕನು ಆಳುಗಳಿಂದ ಕೊಡಗಳನ್ನು ಹೊರಿಸಿಕೊಂಡು ಬಂದು, ಪಾನಕವನ್ನು ತುಂಬಿಸಿಕೊಂಡು ಹೋಗಿ, ಮುಂದಿನ ತಿರುವಿನಲ್ಲಿ ಅಂಗಡಿ ಹೂಡಿದರೆ? ಸಾಲದುದಕ್ಕೆ, ಬೆಲ್ಲ ಕಡಿಮೆಯಾಯಿತೆಂದು ಕೊಟ್ಟವರನ್ನೇ ಗದರಿಸಿದರೆ?

ಗಣಕಯಂತ್ರಗಳ ಲೋಕದಲ್ಲಿ ಇಂಥ ಅರವಟ್ಟಿಗೆಗಳು ನಾಲ್ಕು ದಶಕಗಳಿಂದ ನಡೆದುಬಂದಿವೆ. ಅವಕ್ಕೆ ಮುಕ್ತ ತಂತ್ರಾಂಶವೆಂದು ಹೆಸರು. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಸಾರಿದ ಗ್ನೂ ಯೋಜನೆ, ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಪ್ರಕಟಿಸಿದ ಲಿನಕ್ಸ್, ಇವು ಆ ಪರಂಪರೆಯ ಹಿರಿಯ ಹೆಸರುಗಳು. ಇಂಥ ತಂತ್ರಾಂಶದ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು; ಅದರಿಂದ ವ್ಯಾಪಾರವನ್ನೂ ಮಾಡಬಹುದು. ಪರವಾನಗಿಯೇ ಹಾಗೆ ಹೇಳುತ್ತದೆ. ಆದುದರಿಂದ ಕೊಂಡೊಯ್ದ ಕಂಪನಿಯನ್ನು ಕಳ್ಳನೆಂದು ಕರೆಯುವಂತಿಲ್ಲ. ಜಗಳವಿರುವುದು ಕಾನೂನಿನಲ್ಲಲ್ಲ, ನಡವಳಿಕೆಯಲ್ಲಿ.

ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಎಂಬಾತನ ಪ್ರಸಂಗ ಇದಕ್ಕೊಂದು ಸೊಗಸಾದ ನಿದರ್ಶನ. ಅಂತರಜಾಲದಲ್ಲಿ ಕಡತಗಳನ್ನು ಅತ್ತಿತ್ತ ಸಾಗಿಸುವ ‘ಕರ್ಲ್’ ಎಂಬ ತಂತ್ರಾಂಶದ ಕರ್ತೃ ಆತ. ಜಗತ್ತಿನ ಅಸಂಖ್ಯ ಯಂತ್ರಗಳಲ್ಲಿ ಅದು ಸದ್ದಿಲ್ಲದೆ ದುಡಿಯುತ್ತಿದೆ. 2021ರ ಡಿಸೆಂಬರಿನಲ್ಲಿ ‘ಲಾಗ್4ಜೆ’ ಎಂಬ ಮತ್ತೊಂದು ಮುಕ್ತ ತಂತ್ರಾಂಶದಲ್ಲಿ ಭಾರಿ ಬಿರುಕು ಪತ್ತೆಯಾಗಿ ಕಂಪನಿಗಳೆಲ್ಲ ಕಂಗೆಟ್ಟವು. ಮರುತಿಂಗಳು ಅಮೆರಿಕದ ಒಂದು ದೈತ್ಯ ಕಂಪನಿಯಿಂದ ಸ್ಟೆನ್‌ಬರ್ಗನಿಗೆ ಪತ್ರ ಬಂದಿತು. ಪ್ರಶ್ನೆಗಳ ದೊಡ್ಡ ಪಟ್ಟಿ. 24 ಗಂಟೆಗಳೊಳಗೆ ಉತ್ತರ ಬರಬೇಕೆಂಬ ತಾಕೀತು! ಕರ್ಲ್‌ಗೂ ಲಾಗ್4ಜೆಗೂ ಯಾವ ನಂಟೂ ಇರಲಿಲ್ಲ. ಒಂದು ಕಾಸೂ ಕೊಡದೆ ಬಳಸುತ್ತಿದ್ದವರು ಬಾಡಿಗೆಯಾಳನ್ನು ಕೇಳುವಂತೆ ಕೇಳಿದ್ದರು. ಸಹಾಯದ ಒಪ್ಪಂದಕ್ಕೆ ಸಹಿ ಬಿದ್ದೊಡನೆ ಸಂತೋಷದಿಂದ ಉತ್ತರಿಸುವುದಾಗಿ ಆತ ಬರೆದು ಕಳಿಸಿದ. ಇದಕ್ಕಿಂತ ಮರ್ಯಾದೆಯ ಉತ್ತರ ಸಾಧ್ಯವಿರಲಿಲ್ಲ.

ಇದು ದೂರದ ಕಥೆಯಾಯಿತು. ಕನ್ನಡದ ಅಂಗಳದಲ್ಲಿಯೇ ನಡೆದ ಪ್ರಕರಣ ಇದಕ್ಕಿಂತ ಬೋಧಪ್ರದವಾದುದು. ವ್ಯತ್ಯಾಸವೆಂದರೆ, ಇಲ್ಲಿ ಕಂಪನಿ ಬಂದುದು ಕೇಳುವುದಕ್ಕಲ್ಲ, ಕೊಡುವುದಕ್ಕೆ.

ಮುಕ್ತ ತಂತ್ರಾಂಶದ ತತ್ತ್ವವನ್ನೇ ವಿದ್ಯೆಗೆ ಅನ್ವಯಿಸಿ ಹುಟ್ಟಿದುದು ವಿಕಿಪೀಡಿಯ ಎಂಬ ವಿಶ್ವಕೋಶ. ಅದರ ಕನ್ನಡ ಶಾಖೆ 2003ರಲ್ಲಿ ಆರಂಭವಾಯಿತು. ಸಂಬಳವಿಲ್ಲದೆ, ಹೆಸರಿನ ಹಂಬಲವಿಲ್ಲದೆ, ಕೆಲವೇ ಮಂದಿ ಕನ್ನಡಾಭಿಮಾನಿಗಳು ಕಚೇರಿಯ ಕೆಲಸ ಮುಗಿಸಿ ಬಂದು ರಾತ್ರಿ ಕುಳಿತು ಒಂದೊಂದೇ ಲೇಖನವನ್ನು ಬರೆದು ಬೆಳೆಸಿದರು. ಹೀಗಿರುವಾಗ 2009ರಲ್ಲಿ ಗೂಗಲ್ ಕಂಪನಿಯು ಅನುವಾದಕರಿಗೆಂದು ಒಂದು ಸಲಕರಣೆಯನ್ನು ಹೊರತಂದಿತು. ಮೊದಲು ಹಿಂದಿಯಲ್ಲಿ, ಬಳಿಕ ಕನ್ನಡ, ತಮಿಳು, ತೆಲುಗು, ಬಂಗಾಳಿ ಮೊದಲಾದ ಭಾಷೆಗಳಲ್ಲಿ ಇಂಗ್ಲಿಷ್ ವಿಕಿಪೀಡಿಯದ ಲೇಖನಗಳನ್ನು ಅನುವಾದಿಸಿ ಸೇರಿಸುವ ಯೋಜನೆಯನ್ನು ಕೈಗೊಂಡಿತು. ಹೆಚ್ಚಿನ ಕೆಲಸ ಕೂಲಿಯ ಅನುವಾದಕರದು. 2010ರ ಜುಲೈ ವೇಳೆಗೆ ಭಾರತದ ಭಾಷೆಗಳು, ಅರಬ್ಬಿ, ಸ್ವಾಹಿಲಿ ಎಲ್ಲ ಸೇರಿ 1 ಕೋಟಿ 60 ಲಕ್ಷ ಪದಗಳು ಅನುವಾದವಾಗಿದ್ದುವೆಂದು ಕಂಪನಿಯೇ ಸಾರಿತು.

ಬಡವನ ಮನೆಗೆ ಭಾಗ್ಯಲಕ್ಷ್ಮಿ ಬಂದಂತಾಯಿತಲ್ಲ ಎಂದು ಯಾರಾದರೂ ಭಾವಿಸಿಯಾರು. ಆದರೆ ಮನೆಯವರಿಗೆ ಹಾಗೆ ಕಾಣಲಿಲ್ಲ. ಯಾವ ಲೇಖನ ಬೇಕೆಂಬುದನ್ನು ನಿರ್ಧರಿಸಿದುದು ಜನರು ಗೂಗಲಿನಲ್ಲಿ ಏನನ್ನು ಹುಡುಕುತ್ತಾರೆಂಬ ಲೆಕ್ಕ. ಆದುದರಿಂದ ಪರದೇಶದ ನಟರು, ಗಾಯಕರು, ಔಷಧಗಳು, ಕಂಪನಿಗಳು ಮೈಲುದ್ದದ ಪ್ರಬಂಧಗಳಾಗಿ ಕನ್ನಡಕ್ಕೆ ಬಂದಿಳಿದವು. ಆ ಪ್ರಬಂಧಗಳಲ್ಲಿನ ಕೊಂಡಿಗಳಲ್ಲಿ ಅನೇಕವು ಇಲ್ಲದ ಪುಟಗಳಿಗೆ ಒಯ್ಯುತ್ತಿದ್ದವು.

ಭಾಷೆಯ ಮಾತನ್ನಂತೂ ಕೇಳಲೇಬಾರದು. ‘ಅಡುಗೆ ಮಾಡಿದರು’ ಎನ್ನುವುದು ಕನ್ನಡಿಗನ ಸಹಜ ಮಾತು. ‘ಅವರಿಂದ ಅಡುಗೆಯು ಮಾಡಲ್ಪಟ್ಟಿತು’ ಎನ್ನುವ ಕರ್ಮಣಿ ಪ್ರಯೋಗ ಇಂಗ್ಲಿಷಿನ ನೆರಳು. ಆ ನೆರಳು ಪುಟಪುಟಗಳ ಮೇಲೂ ಕವಿದಿತ್ತು. ಹಳಗನ್ನಡವನ್ನು ಓದಿ ಅರ್ಥಮಾಡಿಕೊಳ್ಳುವವರೂ ಎಷ್ಟೋ ವಾಕ್ಯಗಳ ಕರ್ತೃಪದವನ್ನು ಹುಡುಕಲಾರದೆ ಸೋಲುತ್ತಿದ್ದರು. ತಿದ್ದೋಣವೆಂದು ಸ್ವಯಂಸೇವಕರು ಚರ್ಚೆಯ ಪುಟದಲ್ಲಿ ಪ್ರಶ್ನೆ ಬರೆದರೆ ಉತ್ತರಿಸುವವರಿಲ್ಲ. ಲೇಖನವನ್ನು ಇಳಿಸಿದ ಅನುವಾದಕನು ಮುಂದಿನ ಲೇಖನಕ್ಕೆ ಹೊರಟುಹೋಗಿರುತ್ತಿದ್ದ. ಆತನನ್ನು ದೂರಿ ಫಲವಿಲ್ಲ. ಕೂಲಿ ಸಂದುದು ಪದಗಳಿಗೆ, ಕನ್ನಡಕ್ಕಲ್ಲ.

ಇನ್ನೊಂದು ಸೂಕ್ಷ್ಮವಿತ್ತು. ಮನುಷ್ಯರು ಹೀಗೆ ಮಾಡಿದ ಅನುವಾದಗಳಿಂದ ಕಂಪನಿಯ ಅನುವಾದಯಂತ್ರವು ಪಾಠ ಕಲಿಯುತ್ತದೆಂಬುದು ಗುಟ್ಟೇನೂ ಆಗಿರಲಿಲ್ಲ. 2011ರ ಜೂನಿನಲ್ಲಿ ಗೂಗಲಿನ ಯಂತ್ರಾನುವಾದಕ್ಕೆ ಕನ್ನಡವೂ ಸೇರಿತು. ಇಂದು ಲಕ್ಷಾಂತರ ಕನ್ನಡಿಗರಿಗೆ ಅದರಿಂದ ಉಪಯೋಗವಾಗಿದೆ, ಅಲ್ಲವೆನ್ನುವುದು ಅನ್ಯಾಯ. ಆದರೂ ಪಾಠಶಾಲೆಯನ್ನು ನಡೆಸಲು ಆರಿಸಿಕೊಂಡ ಜಗಲಿ ಯಾರದು, ಅವರ ಅಪ್ಪಣೆಯನ್ನು ಕೇಳಿದ್ದುಂಟೆ ಎಂಬ ಪ್ರಶ್ನೆ ಉಳಿದೇ ಇತ್ತು.

ಬಂಗಾಳಿಗಳು ಅಂಥ ಲೇಖನಗಳನ್ನು ಒಪ್ಪದೆ ಅಳಿಸಿಹಾಕಿದರು. ತಮಿಳರು ಕಂಪನಿಯನ್ನು ಮಾತುಕತೆಗೆ ಕೂರಿಸಿದರು. ತಮ್ಮ ಅನುಭವವನ್ನು 2010ರಲ್ಲಿ ಪೋಲೆಂಡಿನ ಗ್‌ಡಾನ್ಸ್ಕ್ ನಗರದಲ್ಲಿ ಸೇರಿದ ವಿಕಿಪೀಡಿಯನ್ನರ ಜಾಗತಿಕ ಸಮ್ಮೇಳನದ ಮುಂದೆ ಇಟ್ಟರು. ಕನ್ನಡದ ಬಳಗ ಅಂದು ಸಣ್ಣದು. ಕೊಚ್ಚಿಬಂದ ಹೊಳೆಗೆ ಒಡ್ಡು ಕಟ್ಟುವಷ್ಟು ಕೈಗಳು ಅಲ್ಲಿರಲಿಲ್ಲ. ಕಂಪನಿಯು 2011ರಲ್ಲಿ ಯೋಜನೆಯನ್ನು ನಿಲ್ಲಿಸಿತು.

ಹಣವುಳ್ಳವರು ಬಂದರೆ ಹೀಗೆಯೇ ಆಗಬೇಕೆಂಬ ನಿಯಮವೇನೂ ಇಲ್ಲ. ಜೆ.ಪಿ. ನಗರದಲ್ಲಿ ನೆಲೆಸಿರುವ ಜೆರೋಧಾ ಎಂಬ ಷೇರು ದಲ್ಲಾಳಿ ಕಂಪನಿಯು 2010ರಲ್ಲಿ ಹುಟ್ಟಿದುದು. ತನ್ನ ವ್ಯಾಪಾರದ ಯಂತ್ರಸೌಧವು ನಿಂತಿರುವುದು ಮುಕ್ತ ತಂತ್ರಾಂಶದ ಅಡಿಗಲ್ಲಿನ ಮೇಲೆ ಎಂದು ಅದು ಬಹಿರಂಗವಾಗಿ ಒಪ್ಪಿಕೊಂಡಿದೆ. ಒಪ್ಪಿಕೊಂಡು ಸುಮ್ಮನಾಗದೆ, ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಸರಿ, ಇಂಥ ತಂತ್ರಾಂಶಗಳನ್ನು ಕಾಪಾಡುವವರಿಗಾಗಿ ವರ್ಷಕ್ಕೆ 10 ಲಕ್ಷ ಡಾಲರುಗಳ ನಿಧಿಯೊಂದನ್ನು 2024ರ ಅಕ್ಟೋಬರಿನಲ್ಲಿ ಘೋಷಿಸಿತು. ಒಂದು ಯೋಜನೆಗೆ 10 ಸಾವಿರದಿಂದ 1 ಲಕ್ಷ ಡಾಲರುಗಳವರೆಗೆ ಸಹಾಯ. ಕೊಡುವ ಕೈಯೂ ಆರಿಸುವ ಕಣ್ಣೂ ಕಂಪನಿಯವೇ ಎಂಬ ಮಾತು ನಿಜ. ಲಾಭ ಇಳಿಮುಖವಾದ ವರ್ಷ ಈ ಔದಾರ್ಯ ಹೇಗಿರುವುದೆಂಬುದನ್ನು ಕಾಲವೇ ತೋರಿಸಬೇಕು. ಆದರೂ ಕುಡಿದ ಲೋಟವನ್ನು ತೊಳೆದಿಟ್ಟು, ಒಂದಿಷ್ಟು ಬೆಲ್ಲವನ್ನು ತಂದೊಪ್ಪಿಸಿದವರು ಅಪರೂಪ.

ಆ ಕಂಪನಿಯ ತಾಂತ್ರಿಕ ಮುಖ್ಯಸ್ಥರಾದ ಕೈಲಾಶ್ ನಾಧ್ ಅವರು ಮಲಯಾಳದ ನಿಘಂಟೊಂದನ್ನು ಅಂತರಜಾಲಕ್ಕೆ ತಂದವರು. ಕನ್ನಡದಲ್ಲಿ ವಿ. ಕೃಷ್ಣ ಎಂಬುವರು ದಶಕಗಳ ಕಾಲ ಒಬ್ಬರೇ ಕುಳಿತು ಕನ್ನಡ–ಇಂಗ್ಲಿಷ್ ನಿಘಂಟನ್ನು ಕಟ್ಟಿದ್ದರು: ಒಂದೂವರೆ ಲಕ್ಷಕ್ಕೂ ಮಿಕ್ಕಿದ ಪದಗಳು, 2 ಲಕ್ಷ 40 ಸಾವಿರಕ್ಕೂ ಮಿಕ್ಕಿದ ಅರ್ಥಗಳು. ಪಂಡಿತಮಂಡಲಿಗಳನ್ನು ಕೂಡಿಸಿ ನಡೆಸಬೇಕಾದ ಕೆಲಸ ಇದು. ಇಬ್ಬರ ಸಹಕಾರದಿಂದ 2019ರಲ್ಲಿ ಆ ನಿಘಂಟು ‘ಅಲರ್’ ಎಂಬ ಹೂವಿನಂಥ ಹೆಸರಿನಿಂದ ಎಲ್ಲರಿಗೂ ಮುಕ್ತವಾಯಿತು. ಯಾರು ಬೇಕಾದರೂ ಇಡೀ ಕೋಶವನ್ನು ಇಳಿಸಿಕೊಳ್ಳಬಹುದು. ಬೆಳೆಸಿ ಹಂಚುವವರು ತಾವು ಬೆಳೆಸಿದುದನ್ನೂ ಹಾಗೆಯೇ ಮುಕ್ತವಾಗಿಡಬೇಕೆಂಬುದು ಪರವಾನಗಿಯ ಕರಾರು. ಕರ್ತೃವಿನ ಹೆಸರು ಕೋಶದೊಡನೆ ನಿಂತಿದೆ. ಇಲ್ಲಿ ಯಂತ್ರಬಲ್ಲವರು ಪದಬಲ್ಲವರ ಮಾತಿಗೆ ಕಾದರು.

ಅದೇ 2019ರ ಡಿಸೆಂಬರಿನಲ್ಲಿ ಗೂಗಲ್ ಕಂಪನಿಯು ತನ್ನ ಅನುವಾದಕರ ಸಲಕರಣೆಗೆ ಬಾಗಿಲು ಹಾಕಿತು. ಅದರಿಂದ ಹುಟ್ಟಿದ ಲೇಖನಗಳು ಮಾತ್ರ ಕನ್ನಡ ವಿಕಿಪೀಡಿಯದಲ್ಲಿ ಉಳಿದುಕೊಂಡವು. ಯಂತ್ರದ ನೆರವಿನಿಂದಾದ ಈ ಅನುವಾದದ ಭಾಷೆಯನ್ನು ಬಲ್ಲವರು ಸುಧಾರಿಸಬೇಕೆಂಬ ಸೂಚನೆಯನ್ನು ಸ್ವಯಂಸೇವಕರು ಅವುಗಳ ನೆತ್ತಿಯ ಮೇಲೆ ಅಂಟಿಸಿಟ್ಟರು. ಆ ಕೆಲಸವೂ ಅವರ ಪಾಲಿಗೇ ಬಂದಿತು.