ಆಕಾಶದಿಂದ ಬೀಳುವ ಕಸಕ್ಕೆ ಹೊಣೆ ಯಾರು?

ಉಪಗ್ರಹ ಮೇಲೇರಿದ ದಿನ ಪತ್ರಿಕೆಗಳಲ್ಲಿ ದಪ್ಪಕ್ಷರದ ಸುದ್ದಿ, ಮಂತ್ರಿಗಳಿಂದ ಅಭಿನಂದನೆ. ಅದನ್ನು ಹೊತ್ತೊಯ್ದ ರಾಕೆಟಿನ ತುಂಡು ಕೆಳಗೆ ಬಿದ್ದ ದಿನದ ಲೆಕ್ಕ ಇಡುವವರು ಯಾರು? 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಲಾಡಬೋರಿ ಗ್ರಾಮದಲ್ಲಿ ಲೋಹದ ದೊಡ್ಡ ಬಳೆಯೊಂದು ಆಕಾಶದಿಂದ ಬಿತ್ತು. ಅದು ಚೀನಾದ ರಾಕೆಟಿನ ಭಾಗವಿರಬೇಕೆಂದು ತಜ್ಞರು ಅಭಿಪ್ರಾಯಪಟ್ಟರು. 2024ರ ಡಿಸೆಂಬರ್ 30ರಂದು ಆಫ್ರಿಕದ ಕೆನ್ಯಾ ದೇಶದ ಮುಕುಕು ಎಂಬ ಹಳ್ಳಿಯಲ್ಲಿ ಸುಮಾರು 500 ಕಿಲೋ ತೂಕದ ಇಂಥದೇ ಬಳೆ ಬಿತ್ತು. ಈ ಎರಡು ಹಳ್ಳಿಗಳ ಜನ ಯಾವ ರಾಕೆಟನ್ನೂ ಹಾರಿಸಿದವರಲ್ಲ.

ಜನರನ್ನು ಹೆದರಿಸುವುದು ನಮ್ಮ ಉದ್ದೇಶವಲ್ಲ. ಬೀಳುವುದರಲ್ಲಿ ಹೆಚ್ಚಿನ ಪಾಲು ಗಾಳಿಯಲ್ಲೇ ಉರಿದುಹೋಗುತ್ತದೆ. ಉಳಿದದ್ದು ಬಹುಮಟ್ಟಿಗೆ ಸಮುದ್ರದ ಪಾಲು. ಒಬ್ಬ ಮನುಷ್ಯನಿಗೆ ಅದು ತಗಲುವ ಸಂಭವ ಅತ್ಯಲ್ಪ. ಆದರೆ ಆ ಅಲ್ಪ ಅಪಾಯವಾದರೂ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ರಾಕೆಟಿನ ಒಡಲು ಬೀಳುವ ಸಂಭವ ನ್ಯೂಯಾರ್ಕ್, ಬೀಜಿಂಗ್, ಮಾಸ್ಕೋಗಳ ಅಕ್ಷಾಂಶಕ್ಕಿಂತ ಜಕಾರ್ತ, ಢಾಕಾ, ಲಾಗೋಸ್‌ಗಳ ಅಕ್ಷಾಂಶದಲ್ಲಿ ಸುಮಾರು ಮೂರು ಪಟ್ಟು ಹೆಚ್ಚೆಂದು ಕೆನಡಾದ ಸಂಶೋಧಕರು 2022ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಹಾರಿಸುವವರು ಒಂದೆಡೆ, ತಲೆಯೊಡ್ಡುವವರು ಇನ್ನೊಂದೆಡೆ.

ಈ ವಿಷಯದಲ್ಲಿ ಯಾವ ಬಣದ ಕೈಯೂ ಶುದ್ಧವಲ್ಲ. 1978ರ ಜನವರಿ 24ರಂದು ಅಣುಸ್ಥಾವರ ಹೊತ್ತಿದ್ದ ಸೋವಿಯತ್ ಉಪಗ್ರಹ ಕಾಸ್ಮಾಸ್ 954 ಉತ್ತರ ಕೆನಡಾದ ಹಿಮಪ್ರದೇಶದ ಮೇಲೆ ಚೂರುಚೂರಾಗಿ ಬಿತ್ತು. ವಿಷಕಿರಣ ಸೂಸುವ ಚೂರುಗಳನ್ನು ಆಯುವ ಕೆಲಸ ತಿಂಗಳುಗಟ್ಟಲೆ ನಡೆಯಿತು. ಕೆನಡಾ ಕೇಳಿದ ಪರಿಹಾರ ಸುಮಾರು 60 ಲಕ್ಷ ಡಾಲರ್; 1981ರಲ್ಲಿ ಸೋವಿಯತ್ ಸರಕಾರ ಒಪ್ಪಿದ್ದು 30 ಲಕ್ಷ. 1979ರ ಜುಲೈಯಲ್ಲಿ ಅಮೆರಿಕದ ಸ್ಕೈಲ್ಯಾಬ್ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಿತ್ತು. 2023ರಲ್ಲಿ ಅದೇ ಸೀಮೆಯ ಕಡಲತೀರಕ್ಕೆ ಬಂದು ಬಿದ್ದ ತುಂಡು ನಮ್ಮ ಭಾರತದ ಪಿ.ಎಸ್.ಎಲ್.ವಿ. ರಾಕೆಟಿನದು. ಅನ್ಯರನ್ನು ದೂರುವಾಗ ಇದನ್ನೂ ಹೇಳಬೇಕು.

ಕಾನೂನಿಲ್ಲವೆಂದಲ್ಲ. ನೆಲದ ಮೇಲಾದ ಹಾನಿಯನ್ನು ಹಾರಿಸಿದ ರಾಷ್ಟ್ರವೇ ತುಂಬಿಕೊಡಬೇಕು, ಅದರ ತಪ್ಪನ್ನು ರುಜುವಾತು ಮಾಡಬೇಕಾಗಿಲ್ಲ ಎಂದು 1972ರ ಅಂತರರಾಷ್ಟ್ರೀಯ ಒಪ್ಪಂದ ಹೇಳುತ್ತದೆ. ಆದರೆ ಆ ಒಪ್ಪಂದದ ಮೇರೆಗೆ ಪರಿಹಾರ ಕೇಳುವ ಹಕ್ಕು ಸರಕಾರಗಳದ್ದು, ರೈತನದ್ದಲ್ಲ. 2024ರ ಮಾರ್ಚಿಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಬಾಹ್ಯಾಕಾಶ ನಿಲ್ದಾಣದ ಲೋಹದ ಚೂರು ಮನೆಯೊಂದರ ಸೂರನ್ನು ಸೀಳಿತು. ಆ ಕುಟುಂಬ ವಕೀಲರ ಮೂಲಕ 80,000 ಡಾಲರಿಗೂ ಮಿಕ್ಕಿ ಪರಿಹಾರ ಕೇಳಿತು. ಕೇಳಿದ್ದು ನ್ಯಾಯವೇ. ಆದರೆ ಗುಡಿಸಲಿನ ಹೆಂಚು ಒಡೆದರೆ, ಎತ್ತು ಸತ್ತರೆ, ನಮ್ಮ ಕೂಲಿಗಾರ ಯಾವ ವಕೀಲನ ಮನೆ ಬಾಗಿಲಿಗೆ ಹೋಗಬೇಕು?

ಬೀಳುವುದು ದೈವೇಚ್ಛೆ, ತಡೆಯಲಾಗದು ಎಂಬ ಮಾತನ್ನು ನಾವು ಒಪ್ಪುವುದಿಲ್ಲ. 2023ರ ಮಾರ್ಚ್ 7ರಂದು ಇಸ್ರೋ ಸಂಸ್ಥೆ ಮೇಘಾ-ಟ್ರಾಪಿಕ್ಸ್ ಎಂಬ ಹಳೆಯ ಉಪಗ್ರಹವನ್ನು ಅದರಲ್ಲೇ ಉಳಿದಿದ್ದ ಇಂಧನದಿಂದ ಹತೋಟಿಯಲ್ಲಿಟ್ಟು ಶಾಂತಸಾಗರದ ನಿರ್ಜನ ಭಾಗದಲ್ಲಿ ಇಳಿಸಿತು. ಬೆಂಗಳೂರಿನ ನಮ್ಮ ವಿಜ್ಞಾನಿಗಳ ಈ ಕೆಲಸ ಶ್ಲಾಘ್ಯ. ಹಾಗೆ ಇಳಿಸಲು ಇಂಧನ ಮಿಗಿಸಬೇಕು, ಸರಕಿನ ತೂಕ ತಗ್ಗಿಸಬೇಕು, ಖರ್ಚು ಮಾಡಬೇಕು. ಆ ಖರ್ಚು ಉಳಿಸಿದವನ ಲಾಭ ಮೇಲೆ, ಕೆಳಗಿದ್ದವನ ಪಾಲಿಗೆ ಅಪಾಯ. ಕಾರ್ಖಾನೆಯ ಕೊಳಕನ್ನು ಊರ ಹಳ್ಳಕ್ಕೆ ಬಿಡುವ ಸಾಹುಕಾರನ ಲೆಕ್ಕವೂ ಇದೇ.

2020ರಲ್ಲಿ ಭಾರತ ಸರಕಾರ ಈ ಕ್ಷೇತ್ರದ ಬಾಗಿಲನ್ನು ಖಾಸಗಿ ಕಂಪನಿಗಳಿಗೆ ತೆರೆಯಿತು. ಲಾಭ ಕಂಪನಿಗೆ, ಹೊಣೆ ಬೊಕ್ಕಸಕ್ಕೆ ಎಂಬ ಏರ್ಪಾಡಾಗಬಾರದು. ಹಾರಿಸಿದ್ದನ್ನು ಹತೋಟಿಯಲ್ಲಿ ಇಳಿಸುವುದು ಕಡ್ಡಾಯವಾಗಲಿ. ಹಾರಿಸುವ ಮೊದಲೇ ಕಂಪನಿ ಠೇವಣಿ ಇಡಲಿ. ಹಾನಿಗೊಳಗಾದವನು ತಹಸೀಲ್ದಾರರ ಕಚೇರಿಯಲ್ಲೇ ಅರ್ಜಿ ಕೊಟ್ಟು ಪರಿಹಾರ ಪಡೆಯುವಂತಾಗಲಿ. ನಮ್ಮ ಪಾರ್ಲಿಮೆಂಟ್ ಸದಸ್ಯರು ಇದನ್ನು ಕೇಳಬೇಕು. ಕೇಳುವಂತೆ ಅವರನ್ನು ಒತ್ತಾಯಿಸುವುದು ಮತ ಕೊಟ್ಟ ನಮ್ಮೆಲ್ಲರ ಕೆಲಸ.